ಓದದ ಪುಸ್ತಕಕ್ಕೆ ಒತ್ತಿದ ತಾರೀಕು

ನನ್ನ ನೆನಪನ್ನು ನಾನು ನಂಬುವುದಿಲ್ಲ. ವಿನಯಕ್ಕೆ ಹೇಳುವ ಮಾತಲ್ಲ ಇದು, ಪೆಟ್ಟು ತಿಂದು ಕಲಿತದ್ದು. ನಮ್ಮ ಮದುವೆಯ ದಿನ ಧಾರೆಯ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು, ವಾಲಗದವರು ಕತ್ತಲೆಯ ಛತ್ರದಲ್ಲೇ ನುಡಿಸುತ್ತಾ ಕೂತರು ಎಂದು ಹದಿನೈದು ವರ್ಷ ಬಂದವರಿಗೆಲ್ಲ ಸ್ವಾರಸ್ಯವಾಗಿ ಹೇಳಿಕೊಂಡು ಬಂದೆ. ಒಂದು ದಿನ ನೆಂಟರು ಎದ್ದು ಹೋದ ಮೇಲೆ ನನ್ನ ಹೆಂಡತಿ ಸುಮಾ, "ಅದು ನಿಮ್ಮಣ್ಣನ ಮದುವೇಲಿ ಆಗಿದ್ದು ಕಣ್ರೀ. ನಮ್ಮದ್ರಲ್ಲಿ ಕರೆಂಟು ಹೋಗ್ಲಿಲ್ಲ. ಹೋಗಿದ್ದು ನಿಮ್ಮ ಚಪ್ಪಲಿ" ಎಂದಳು. ಹದಿನೈದು ವರ್ಷ ಯಾಕೆ ಸುಮ್ಮನಿದ್ದೆ ಎಂದು ಕೇಳಿದರೆ, "ಅಷ್ಟು ಚೆನ್ನಾಗಿ ಹೇಳ್ತಿದ್ರಿ, ಯಾಕೆ ಹಾಳ್ಮಾಡ್ಲಿ ಅಂತ" ಎಂದಳು. ಅಂದಿನಿಂದ ದಿನಚರಿ ಬರೆಯತೊಡಗಿದೆ. ಬರೆದಿಟ್ಟದ್ದು ಬದಲಾಗುವುದಿಲ್ಲ ಎಂಬುದು ನನ್ನ ಲೆಕ್ಕ. ಬರೆಯುವಾಗಲೇ ಬದಲಾಗಿರುತ್ತದೆ ಎಂಬುದು ನನಗೆ ಈಚೆಗಷ್ಟೇ ಗೊತ್ತಾಯಿತು. ಅದು ಗೊತ್ತಾದ ಬಗೆಯನ್ನು ಹೇಳಿಕೊಳ್ಳಲು ನನಗೆ ನಾಚಿಕೆ. ಹೇಳದಿದ್ದರೆ ಇನ್ನೈದು ವರ್ಷಕ್ಕೆ ಅದನ್ನೂ ಬೇರೆ ಥರ ನೆನಪಿಟ್ಟುಕೊಳ್ಳುತ್ತೇನೆ ಎಂಬ ಭಯಕ್ಕೆ ಹೇಳುತ್ತಿದ್ದೇನೆ.

ನಾನು ಕಡೂರಿನ ಒಂದು ಕಾಲೇಜಿನಲ್ಲಿ ಗ್ರಂಥಪಾಲಕ. ಗ್ರಂಥಾಲಯ ವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಪಡೆದವನು. ಈ ಪದವಿಯ ವಿಶೇಷವೆಂದರೆ ಇದನ್ನು ಪಡೆದಿದ್ದೀರಿ ಎಂದರೆ ಜನ, "ಪುಸ್ತಕ ಎತ್ತಿಡೋದಕ್ಕೂ ಎಂ.ಎ. ಥರ ಓದ್ಬೇಕಾ?" ಎಂದು ಕೇಳುತ್ತಾರೆ. ನಮ್ಮ ಮಾವನವರು ನಿಶ್ಚಿತಾರ್ಥದ ದಿನವೇ ಕೇಳಿದ್ದರು. ಇಂಥ ಪ್ರಶ್ನೆಗಳಿಂದ ನೊಂದವರು ಒಂದೆಡೆ ಸೇರಿದರೆ ಹೇಗೆ ಎಂದು ಕಡೂರು, ತರೀಕೆರೆ, ಅಜ್ಜಂಪುರಗಳ ನಾವು ಎಂಟೊಂಬತ್ತು ಜನ ತಿಂಗಳಿಗೊಂದು ಭಾನುವಾರ ಕೂಡುತ್ತೇವೆ. ಒಂದು ತಿಂಗಳು ಅವರ ಊರು, ಇನ್ನೊಂದು ತಿಂಗಳು ಇವರ ಊರು. ಸಂಘವಲ್ಲ, ಅಧ್ಯಕ್ಷರಿಲ್ಲ, ಹಾರವಿಲ್ಲ, ಬ್ಯಾನರಿಲ್ಲ. ಮನೆಯಿಂದ ಡಬ್ಬಿ ತರಬೇಕು. ಕೆಲಸದಲ್ಲಿ ತಾನೇ ಕಂಡುಕೊಂಡ ಒಂದು ವಿಷಯವನ್ನು ಹತ್ತು ನಿಮಿಷ ಹೇಳಬೇಕು. ಪುಸ್ತಕದಲ್ಲಿ ಓದಿದ್ದನ್ನು ಹೇಳಕೂಡದು. ಪುಸ್ತಕದ ಮಧ್ಯೆಯೇ ಬದುಕುವವರು ಮಾಡಿಕೊಂಡ ನಿಯಮ ಇದು. ಆದರೆ ಕೆಲಸ ಮಾಡುತ್ತದೆ. ಗೆದ್ದಲು ಹಿಡಿದ ಕಪಾಟನ್ನು ಉಳಿಸಿಕೊಳ್ಳುವುದು ಹೇಗೆ, ಪತ್ರಿಕೆಯ ಸಿನಿಮಾ ಪುಟವನ್ನು ಕತ್ತರಿಸಿಕೊಂಡು ಹೋಗುವವರನ್ನು ಹಿಡಿಯುವುದು ಹೇಗೆ, ಮೂರು ಗಂಟೆ ಫ್ಯಾನಿನ ಕೆಳಗೆ ನಿದ್ದೆ ಮಾಡುವ ಹಿರಿಯರನ್ನು ನೋಯಿಸದೆ ಎಬ್ಬಿಸುವುದು ಹೇಗೆ, ಇಂಥವೆಲ್ಲ ನಾನು ವಿಶ್ವವಿದ್ಯಾಲಯದಲ್ಲಿ ಕಲಿತದ್ದಲ್ಲ, ಇಲ್ಲಿ ಕಲಿತದ್ದು.

ಈ ಕೂಟಕ್ಕೆ ಪಂಚನಹಳ್ಳಿ ಕಡೆಯ ಒಂದು ಹಳ್ಳಿಯಿಂದ ಹಾಲಮ್ಮ ಎಂಬವರು ಬರುತ್ತಾರೆ. ಅಲ್ಲಿಯ ಪಂಚಾಯಿತಿ ಗ್ರಂಥಾಲಯವನ್ನು ನೋಡಿಕೊಳ್ಳುವವರು. ಪಿಯುಸಿವರೆಗೆ ಓದಿದ್ದಾರೆ. ಕೆಲಸ ಕಾಯಂ ಅಲ್ಲ. ಆರು ತಿಂಗಳಿಂದ ತಪ್ಪದೆ ಬರುತ್ತಿದ್ದರೂ ಒಮ್ಮೆಯೂ ಮಾತಾಡಿರಲಿಲ್ಲ. ಸರದಿ ಬಂದಾಗಲೆಲ್ಲ, "ನಾನು ಕೇಳೋಕೆ ಬಂದಿರೋದು ಸಾರ್" ಎಂದು ಪಕ್ಕದವರಿಗೆ ದಾಟಿಸಿಬಿಡುತ್ತಿದ್ದರು. ಒಮ್ಮೆ ಅಜ್ಜಂಪುರದ ಕೂಟ ಮುಗಿಸಿ ಬೀರೂರಿನ ಮೇಲೆ ಕಡೂರಿಗೆ ಬರುವ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಅವರಿಗೆ ಸಿಕ್ಕಿತು. ಹುರಿದ ಕಡಲೆಕಾಯಿ ಕೊಂಡಿದ್ದರು, ನನಗೂ ಕೊಟ್ಟರು. ಬೀರೂರು ಬರುವಷ್ಟರಲ್ಲಿ ಅವರು ಒಂದು ವಿಷಯ ಹೇಳಿದರು.

ಅದನ್ನು ಹೇಳುವ ಮೊದಲು ಡೇಟ್ ಸ್ಲಿಪ್ಪಿನ ವಿಷಯ ಹೇಳಬೇಕು. ಗ್ರಂಥಾಲಯದ ಪುಸ್ತಕಗಳ ಕೊನೆಯ ಪುಟಕ್ಕೆ ಒಂದು ಚೀಟಿ ಅಂಟಿಸಿರುತ್ತದೆ. ಯಾರಿಗಾದರೂ ಪುಸ್ತಕ ಕೊಟ್ಟಾಗ ಆ ದಿನದ ತಾರೀಕಿನ ಮುದ್ರೆಯನ್ನು ಅದರ ಮೇಲೆ ಒತ್ತುತ್ತೇವೆ. ಕಂಪ್ಯೂಟರು ಬಂದ ಮೇಲೂ ನಮ್ಮಲ್ಲಿ ಈ ಚೀಟಿ ಹೋಗಿಲ್ಲ. ಹಾಲಮ್ಮ ಕಂಡುಕೊಂಡದ್ದು ಏನೆಂದರೆ, ಜನ ಪುಸ್ತಕ ಆರಿಸುವಾಗ ಮುನ್ನುಡಿ ನೋಡುವುದಿಲ್ಲ, ಬೆನ್ನಿನ ಮೇಲಿನ ಹೊಗಳಿಕೆ ನೋಡುವುದಿಲ್ಲ, ಈ ಚೀಟಿ ನೋಡುತ್ತಾರೆ. "ಖಾಲಿ ಇದ್ರೆ ಹಂಗೇ ಇಟ್ಬಿಡ್ತಾರೆ ಸಾರ್. ಜನ ಇಲ್ದಿರೋ ಹೋಟ್ಲಿಗೆ ಯಾರು ಹೋಗ್ತಾರೆ? ನಾಕು ತಾರೀಕು ಇದ್ರೆ ಸಾಕು, ಏನೋ ಇರ್ಬೇಕು ಇದ್ರಲ್ಲಿ ಅಂತ ತಗೊಂಡು ಹೋಗ್ತಾರೆ. ಅದ್ಕೆ ನಾನು ಹೊಸಾ ಪುಸ್ತಕ ಬಂದ್ರೆ ಮೊದ್ಲು ಒಂದ್ ಮೂರ್ನಾಕು ತಾರೀಕು ಬೀಳೋ ಹಂಗೆ ಮಾಡಿ ಆಮೇಲೆ ಕಪಾಟಿಗೆ ಇಡ್ತೀನಿ." ಇಷ್ಟು ಹೇಳುವಾಗ ಬೀರೂರು ಬಂತು. ಜನ ಹತ್ತಿದರು, ಗದ್ದಲವಾಯಿತು. ಮುಂದೆ ಇನ್ನೇನೋ ಹೇಳಿದರು. ಹೇಗೆ ತಾರೀಕು ಬೀಳುವಂತೆ ಮಾಡುತ್ತಾರೆ ಎಂಬುದನ್ನೇ ಹೇಳಿರಬೇಕು. ನಾನು ತಲೆಯಾಡಿಸಿದೆ. ಕೇಳಿಸಿಕೊಂಡೆ ಎಂದು ಹೇಳಲಾರೆ. ಯಾಕೆಂದರೆ ನನ್ನ ತಲೆಯಲ್ಲಿ ಆಗಲೇ ನಮ್ಮ ಕಾಲೇಜಿನ ಇಪ್ಪತ್ತಾರು ಹೊಸ ಪುಸ್ತಕಗಳು ಓಡಾಡತೊಡಗಿದ್ದವು. ಬೇಸಿಗೆಯಲ್ಲಿ ಬಂದವು. ಅಲ್ಲಿಂದ ಯಾರೂ ಮುಟ್ಟಿರಲಿಲ್ಲ.

ಮಾರನೆಯ ದಿನ ಬಾಗಿಲು ಮುಂದೆ ಮಾಡಿಕೊಂಡು ಕೆಲಸಕ್ಕೆ ಕೂತೆ. ಮುದ್ರೆಯ ತಾರೀಕನ್ನು ಹಿಂದಕ್ಕೆ ತಿರುಗಿಸಿ ತಿರುಗಿಸಿ ಒಂದೊಂದು ಪುಸ್ತಕಕ್ಕೂ ನಾಲ್ಕೈದು ತಾರೀಕು ಒತ್ತಿದೆ. ಕೆಲವಕ್ಕೆ ಮಸಿ ಕಡಿಮೆ, ಕೆಲವಕ್ಕೆ ಜಾಸ್ತಿ. ಒಂದೆರಡನ್ನು ಬೇಕೆಂದೇ ಸೊಟ್ಟಗೆ ಒತ್ತಿದೆ, ಯಾವುದೋ ಅವಸರದಲ್ಲಿದ್ದವನು ತೆಗೆದುಕೊಂಡ ಹಾಗೆ. ಪರೀಕ್ಷೆಯ ದಿನಗಳನ್ನು ಬಿಟ್ಟೆ. ಜೇನು ಸಾಕಣೆಯ ಪುಸ್ತಕವೊಂದಕ್ಕೆ ಮೂರು ದಿನದ ಅಂತರದಲ್ಲಿ ಎರಡು ತಾರೀಕು ಒತ್ತಿ, ಒಬ್ಬ ಓದಿ ಮುಗಿಸುವುದನ್ನೇ ಇನ್ನೊಬ್ಬ ಕಾಯುತ್ತಿದ್ದ ಎಂದು ಕಲ್ಪಿಸಿಕೊಂಡೆ. ಇಷ್ಟು ಶ್ರದ್ಧೆಯಿಂದ ನಾನು ಇಡೀ ನೌಕರಿಯಲ್ಲಿ ಯಾವ ಕೆಲಸವನ್ನೂ ಮಾಡಿರಲಿಲ್ಲ. ಆ ವಾರದಲ್ಲೇ ಎಂಟು ಪುಸ್ತಕ ಹೊರಗೆ ಹೋದವು.

ಮುಂದಿನ ಕೂಟ ಕಡೂರಿನಲ್ಲಿ, ನಮ್ಮ ಕಾಲೇಜಿನ ಓದುವ ಕೋಣೆಯಲ್ಲೇ. ನನ್ನ ಸರದಿ ಬಂದಾಗ ಎದ್ದು ನಿಂತು, "ಈಚೆಗೆ ನನಗೊಂದು ಯೋಚನೆ ಬಂತು" ಎಂದು ಶುರುಮಾಡಿದೆ. ಜನವಿಲ್ಲದ ಹೋಟೆಲಿನ ಹೋಲಿಕೆಯನ್ನೂ ಹೇಳಿದೆ, ಅದಕ್ಕೆ ಎಲ್ಲರೂ ನಕ್ಕರು. ಅಜ್ಜಂಪುರದ ವಾಚನಾಲಯ ನೋಡಿಕೊಳ್ಳುವ ತಿಪ್ಪೇಶ, "ಓದ್ಕೊಂಡೋರು ಅಂದ್ರೆ ಇದು ಕಣ್ರೀ. ನಾವು ಹತ್ತು ವರ್ಷದಿಂದ ಸೀಲು ಕುಟ್ತಾ ಇದೀವಿ, ಒಂದಿನ ಹೊಳೀಲಿಲ್ಲ ನೋಡಿ" ಎಂದ. ಚಪ್ಪಾಳೆಯಾಯಿತು. ನನ್ನ ನಂತರದ ಸರದಿ ಹಾಲಮ್ಮನವರದು. ಅವರ ಕೈಯಲ್ಲಿ ಮೊದಲ ಬಾರಿಗೆ ಒಂದು ಹಾಳೆ ಇತ್ತು, ಎರಡೂ ಬದಿ ಬರೆದದ್ದು. ಅದನ್ನು ನಾಲ್ಕಾಗಿ ಮಡಿಸಿ ಚೀಲಕ್ಕೆ ಹಾಕಿಕೊಂಡು, "ನಂದು ಮುಂದಿನ ತಿಂಗ್ಳು ಹೇಳ್ತೀನಿ ಸಾರ್, ಇನ್ನೂ ಸರಿಯಾಗಿ ಬರ್ಕೊಂಡಿಲ್ಲ" ಎಂದರು. ನಾನು ಹಿರಿತನದಿಂದ, "ಹೆದರಬೇಡಿ, ಮೊದಮೊದಲು ನನಗೂ ಹೀಗೇ ಆಗುತ್ತಿತ್ತು" ಎಂದು ಧೈರ್ಯ ಹೇಳಿದೆ. ಈ ಮಾತನ್ನು ನೆನೆದಾಗ ನನಗೆ ಈಗಲೂ ಕುತ್ತಿಗೆಯ ಹಿಂದೆ ಬಿಸಿಯಾಗುತ್ತದೆ.

ಅವತ್ತು ನನಗೆ ಗೊತ್ತಿತ್ತೇ? ಕದಿಯುತ್ತಿದ್ದೇನೆ ಎಂದು ಗೊತ್ತಿದ್ದೂ ಕದ್ದೆನೇ? ಇದನ್ನು ನಾನು ಬಹಳ ಸಲ ಕೇಳಿಕೊಂಡಿದ್ದೇನೆ. ಪ್ರಾಮಾಣಿಕವಾದ ಉತ್ತರ ಬೇಕೆಂದು ದಿನಚರಿಯನ್ನೂ ತೆಗೆದು ನೋಡಿದೆ. ಬಸ್ಸಿನ ದಿನದ ಪುಟದಲ್ಲಿ ಹೀಗಿತ್ತು: "ಬರುವಾಗ ಬಸ್ಸಿನಲ್ಲಿ ಡೇಟ್ ಸ್ಲಿಪ್ಪಿನ ಬಗ್ಗೆ ಒಂದು ಒಳ್ಳೆಯ ಉಪಾಯ ಹೊಳೆಯಿತು. ಪಕ್ಕದಲ್ಲಿ ಹಾಲಮ್ಮ ಇದ್ದರು. ಕಡಲೆಕಾಯಿ ಚೆನ್ನಾಗಿತ್ತು." ಮೂರು ವಾಕ್ಯ. ಯಾವುದನ್ನೂ ಪೂರಾ ಸುಳ್ಳು ಎನ್ನುವ ಹಾಗಿಲ್ಲ. ಉಪಾಯ ಹೊಳೆದದ್ದು ನಿಜ, ಯಾರಿಗೆ ಎಂದು ಬರೆದಿಲ್ಲ. ಹಾಲಮ್ಮ ಪಕ್ಕದಲ್ಲಿದ್ದದ್ದು ನಿಜ. ಕಡಲೆಕಾಯಿ ಯಾರದು ಎಂಬುದನ್ನು ಕೂಡ ಬಿಟ್ಟಿದ್ದೇನೆ. ಅಂದರೆ ಕಡೂರಿನಲ್ಲಿ ಚಪ್ಪಾಳೆ ತೆಗೆದುಕೊಳ್ಳುವುದಕ್ಕೆ ಒಂದು ತಿಂಗಳ ಮುಂಚೆಯೇ, ಯಾರೂ ಕೇಳದಿದ್ದಾಗ, ಯಾರೂ ಓದದ ಪುಸ್ತಕದಲ್ಲಿ ನಾನು ಆ ಕೆಲಸ ಮುಗಿಸಿಬಿಟ್ಟಿದ್ದೆ.

ಅದರ ಮುಂದಿನ ಕೂಟ ತರೀಕೆರೆಯಲ್ಲಿ, ಬಷೀರ್ ಸಾಹೇಬರ ಮನೆಯ ಮುಂದಿನ ಕೋಣೆಯಲ್ಲಿ. ಅವರು ಹೈಸ್ಕೂಲಿನ ಗ್ರಂಥಪಾಲಕರಾಗಿದ್ದು ನಿವೃತ್ತರಾದವರು, ನಮ್ಮೆಲ್ಲರಿಗಿಂತ ಹಿರಿಯರು. ಮೂವತ್ತು ವರ್ಷದ ನೌಕರಿಯಲ್ಲಿ ಒಂದೇ ಪುಸ್ತಕ ಕಳೆದಿತ್ತಂತೆ. ಅದನ್ನು ಯಾರು ತೆಗೆದುಕೊಂಡು ಹೋದರು ಎಂಬುದೂ ಅವರಿಗೆ ಗೊತ್ತು, ಒಯ್ದವರು ಸತ್ತುಹೋದದ್ದರಿಂದ ಹೆಸರು ಹೇಳುವುದಿಲ್ಲ. ಕಡೂರಿನ ಕೂಟಕ್ಕೆ ಅವರು ಬಂದಿರಲಿಲ್ಲ. ನನ್ನ ಉಪಾಯವನ್ನು ಅವರಿಗೂ ತೋರಿಸಬೇಕೆಂದು ನಾನು ಜೇನು ಸಾಕಣೆಯ ಪುಸ್ತಕವನ್ನು ಜೊತೆಗೇ ತಂದಿದ್ದೆ. ಅವರು ಒಳಗಡೆಗೆ ದಖನಿ ಉರ್ದುವಿನಲ್ಲಿ ಏನೋ ಕೂಗಿ ಚಹಾ ಹೇಳಿ, ಕನ್ನಡಕ ಹಾಕಿಕೊಂಡು ಚೀಟಿಯನ್ನು ನಿಧಾನವಾಗಿ, ಒಂದು ಕತೆ ಓದುವ ಹಾಗೆ ಓದಿದರು.

"ಏನ್ ಸಾರ್, ಅಕ್ಟೋಬರ್ ಎರಡಕ್ಕೆ ಪುಸ್ತಕ ಕೊಟ್ಟಿದ್ದೀರಾ?"

"ಹೌದು ಸಾಹೇಬರೇ."

"ಗಾಂಧಿ ಜಯಂತಿ ದಿನ ನಿಮ್ಮ ಕಾಲೇಜು ತೆಗೆದಿರುತ್ತಾ?"

ನಾನು ಪರೀಕ್ಷೆಯ ದಿನಗಳನ್ನು ಬಿಟ್ಟಿದ್ದೆ, ಗಾಂಧೀಜಿಯನ್ನು ಮರೆತಿದ್ದೆ. ಕೋಣೆಯಲ್ಲಿ ಎಲ್ಲರೂ ನಕ್ಕರು, ಸಾಹೇಬರು ನಗಲಿಲ್ಲ. "ಯಾರೂ ತಗೊಂಡು ಹೋಗದೆ ತಾರೀಕು ಒತ್ತಿದ್ರೆ ಅದು ಸುಳ್ಳು ದಾಖಲೆ ಅಲ್ವಾ? ನಾಳೆ ತಪಾಸಣೆಗೆ ಬಂದೋರು ಕೇಳಿದ್ರೆ ಏನ್ ಹೇಳ್ತೀರಿ? ಇದು ಯಾರ ತಲೆಗೆ ಬಂದಿದ್ದು?" ಎಂದರು.

ಈಗ ನೋಡಿ ನನ್ನ ನೆನಪಿನ ಚಮತ್ಕಾರ. ಎರಡು ತಿಂಗಳು ಮಂಜು ಮಂಜಾಗಿದ್ದದ್ದು ಆ ಕ್ಷಣದಲ್ಲಿ ಹಗಲಿನಷ್ಟು ಸ್ಪಷ್ಟವಾಯಿತು. ಬಸ್ಸು, ಸೀಟು, ಕಡಲೆಕಾಯಿಯ ಪೊಟ್ಟಣ, ಹೋಟೆಲಿನ ಹೋಲಿಕೆ, ಹೇಳಿದವರ ಹಸಿರು ಬಳೆ ಎಲ್ಲವೂ ನೆನಪಾದವು. "ಇದು ನನ್ನದಲ್ಲ ಸಾಹೇಬರೇ, ನಮ್ಮ ಹಾಲಮ್ಮನವರು ಹೇಳಿದ್ದು. ಅವರ ಲೈಬ್ರರಿಯಲ್ಲಿ ಹೀಗೇ ಮಾಡುತ್ತಾರೆ" ಎಂದುಬಿಟ್ಟೆ. ಇಷ್ಟು ಬೇಗ, ಇಷ್ಟು ಧಾರಾಳವಾಗಿ ನಾನು ಇನ್ನೊಬ್ಬರಿಗೆ ಶ್ರೇಯಸ್ಸು ಕೊಟ್ಟದ್ದು ಅದೇ ಮೊದಲು. ನನ್ನದು ಕಾಯಂ ಕೆಲಸ, ಅವರದಲ್ಲ. ಸುಳ್ಳು ದಾಖಲೆ ಎಂಬ ಮಾತು ಅವರ ಪಂಚಾಯಿತಿಯವರೆಗೆ ಹೋದರೆ ನಾಳೆಯಿಂದ ಬರಬೇಡಿ ಎನ್ನುವುದಕ್ಕೆ ಒಂದು ಫೋನು ಸಾಕು. ಇದು ನನಗೆ ಹೊಳೆಯಲಿಲ್ಲ ಎಂದು ಬರೆಯಲು ಕೈ ಹೋಗುತ್ತಿದೆ. ಹೊಳೆದಿತ್ತೋ ಏನೋ. ಆ ಒಂದು ಭಾಗ ಮಾತ್ರ ಮತ್ತೆ ಮಂಜು.

ಎಲ್ಲರೂ ಅವರ ಕಡೆ ತಿರುಗಿದರು. ಹಾಲಮ್ಮ ಚಹಾದ ಲೋಟವನ್ನು ಕೆಳಗಿಟ್ಟು ಎದ್ದು ನಿಂತರು. ನಮ್ಮ ಕೂಟದಲ್ಲಿ ಎದ್ದು ನಿಲ್ಲುವ ಪದ್ಧತಿ ಕಡ್ಡಾಯವಲ್ಲ, ಆದರೂ ನಿಂತರು.

"ಹೌದು ಸಾರ್, ನಾನೇ ಹೇಳಿದ್ದು. ಆದ್ರೆ ಓದ್ದೆ ಇರೋ ತಾರೀಕು ಒತ್ತಿ ಅಂತ ನಾನು ಹೇಳ್ಲಿಲ್ಲ. ಹೊಸಾ ಪುಸ್ತಕ ಬಂದ್ರೆ ಮೊದ್ಲು ನನ್ ಹೆಸ್ರಿಗೆ ಬರ್ಕೊಂಡು ನಾನೇ ಓದ್ತೀನಿ. ಅದಕ್ಕೊಂದು ತಾರೀಕು. ಆಮೇಲೆ ಅಂಗನವಾಡಿ ಮೇಡಮ್ಮು ತಗೋತಾರೆ, ಹಿಟ್ಟಿನ ಗಿರಣಿ ನಾಗಣ್ಣ ತಗೋತಾನೆ. ಅವ್ನು ಬೇಡ ಅಂದ್ರೂ ಬಿಡಲ್ಲ, ರಾಗಿ ಬೀಸೋವರ್ಗೂ ಖಾಲಿ ಕೂತಿರ್ತೀಯಲ್ಲಪ್ಪ ಓದು ಅಂತೀನಿ. ಮೂರು ತಾರೀಕು ಆದ್ಮೇಲೆ ಕಪಾಟಿಗೆ. ಎಲ್ಲಾನೂ ರಿಜಿಸ್ಟ್ರಲ್ಲಿ ಹೆಸ್ರು ಸಮೇತ ಐತೆ ಸಾರ್, ಯಾರ್ ಬೇಕಾದ್ರೂ ಬಂದು ನೋಡ್ಬೋದು." ಮತ್ತೆ, "ನಾಕನೇದು ಒಂದು ಅನುಮಾನ ಇತ್ತು. ನಮ್ಮತ್ತೆಗೆ ಓದು ಬರಲ್ಲ. ಸಂಜೆ ಹೊತ್ತು ಅವ್ರಿಗೆ ಜೋರಾಗಿ ಓದಿ ಹೇಳ್ತೀನಿ. ಅವ್ರು ಕೇಳಿದ್ದಕ್ಕೆ ಬೇರೆ ತಾರೀಕು ಒತ್ಬೋದಾ, ಒತ್ಬಾರ್ದಾ ಅಂತ. ಅದನ್ನೇ ಕೇಳಣ ಅಂತ ಕಡೂರಿಗೆ ಬರ್ಕೊಂಡು ಬಂದಿದ್ದೆ" ಎಂದರು.

ನಾಲ್ಕಾಗಿ ಮಡಿಸಿದ ಹಾಳೆಯಲ್ಲಿ ಇದ್ದದ್ದು ಅದು. ಅತ್ತೆಯ ಕಿವಿಗೆ ಬಿದ್ದದ್ದಕ್ಕೆ ಒಂದು ಮುದ್ರೆ ಒತ್ತಲು ಅಷ್ಟು ಹಿಂದೆಮುಂದೆ ನೋಡುತ್ತಿದ್ದವರ ಮುಂದೆ ನಾನು, ಯಾರೂ ತೆರೆಯದ ಇಪ್ಪತ್ತಾರು ಪುಸ್ತಕಗಳಿಗೆ ನೂರಕ್ಕೂ ಹೆಚ್ಚು ಓದುಗರನ್ನು ಸೃಷ್ಟಿಸಿ ಕೂತಿದ್ದೆ. ಬಷೀರ್ ಸಾಹೇಬರು ಕನ್ನಡಕ ತೆಗೆದು, "ಕೇಳಿದ್ದೂ ಓದಿದ್ದೇ ಕಣಮ್ಮ. ಒತ್ತು. ನಿಮ್ಮತ್ತೆ ಹೆಸರಲ್ಲಿ ಒಂದು ಕಾರ್ಡು ಮಾಡು" ಎಂದರು. ಆಮೇಲೆ ನನ್ನ ಕಡೆ ತಿರುಗಿ ಜೇನಿನ ಪುಸ್ತಕವನ್ನು ಹಿಂದಕ್ಕೆ ಕೊಡುತ್ತಾ, "ಇದ್ರಲ್ಲಿ ರಾಣಿ ಹುಳನ ಹೆಂಗೆ ಗುರುತು ಹಿಡಿಯೋದು ಅಂತ ಇದೆಯಾ ಸಾರ್?" ಎಂದು ಕೇಳಿದರು. ಇದೆ ಎಂದೆ. ಯಾವ ಪುಟದಲ್ಲಿ ಎಂದು ಅವರು ದಯೆ ತೋರಿ ಕೇಳಲಿಲ್ಲ.

ವಾಪಸು ಬರುವಾಗ ಹಾಲಮ್ಮನವರು ಹತ್ತುವ ಬಸ್ಸನ್ನು ತಪ್ಪಿಸಿಕೊಳ್ಳಲು ನಾನು ಹಣ್ಣು ಕೊಳ್ಳುವ ನೆಪ ಮಾಡಿ ಹದಿನೈದು ನಿಮಿಷ ತಡಮಾಡಿದೆ. ಬಸ್ಸೂ ಹದಿನೈದು ನಿಮಿಷ ತಡವಾಗಿ ಬಂತು. ಸೀಟು ಸಿಕ್ಕಿದ್ದು ಅವರ ಹಿಂದಿನ ಸಾಲಿನಲ್ಲಿ. ಲಿಂಗದಹಳ್ಳಿಯ ಕ್ರಾಸು ದಾಟಿದ ಮೇಲೆ ಮುಂದಕ್ಕೆ ಬಾಗಿ, "ಹಾಲಮ್ಮನವರೇ, ನನ್ನಿಂದ ತಪ್ಪಾಯಿತು" ಎಂದೆ.

"ಯಾವ್ದು ಸಾರ್?" ಎಂದರು ತಿರುಗಿ.

ವ್ಯಂಗ್ಯವೇನೂ ಇರಲಿಲ್ಲ. ಎರಡು ತಪ್ಪಿದ್ದವು, ಯಾವುದರ ಮಾತು ಎಂದು ಕೇಳಿದರು ಅಷ್ಟೆ. ಕಡೂರಿನದು ಎಂದೆ.

"ಅವತ್ತು ಬೇಜಾರಾಯ್ತು, ಸುಳ್ಳ್ಯಾಕೆ ಹೇಳ್ಲಿ. ಆದ್ರೂ ದೊಡ್ಡ ಓದು ಓದಿರೋರು ಹೇಳಿದ್ರೂ ನನ್ ಮಾತು ಚೆನ್ನಾಗೇ ಕೇಳ್ಸುತ್ತಲ್ಲ ಅಂತ ಒಳ್ಗೊಳ್ಗೇ ಖುಷೀನೂ ಆಯ್ತು. ನಮ್ಮತ್ತೆಗೂ ಹೇಳ್ದೆ, ನನ್ ಮಾತಿಗೆ ಚಪ್ಪಾಳೆ ಹೊಡುದ್ರು ಅಂತ." ಕಿಟಕಿಯ ಕಡೆ ನೋಡಿದರು. "ಇವತ್ತು ಮಾತ್ರ ಏನ್ ಹೇಳ್ಲಿ ಅಂತ ಗೊತ್ತಾಗ್ತಿಲ್ಲ ಸಾರ್. ತಪ್ಪು ಅಂದ ತಕ್ಷಣ ನನ್ ಹೆಸ್ರು ನೆನಪಾಯ್ತಲ್ಲ ನಿಮ್ಗೆ."

ಕಡೂರು ಬರುವವರೆಗೆ ನಾನು ಕೊಂಡ ಕಿತ್ತಳೆಗಳನ್ನು ಹಿಡಿದುಕೊಂಡು ಕೂತಿದ್ದೆ. ಕೊಡೋಣ ಎನಿಸಿತು. ಕೊಟ್ಟರೆ ಅದು ಏನೆಂದು ಕಾಣುತ್ತದೋ ಎಂದು ಸುಮ್ಮನಾದೆ.

ಮನೆಯಲ್ಲಿ ಸುಮಾಳಿಗೆ ಎಲ್ಲವನ್ನೂ ಹೇಳಿದೆ, ಅಂದರೆ ಸ್ವಲ್ಪ ಒಪ್ಪ ಓರಣ ಮಾಡಿ ಹೇಳಿದೆ. ಅವಳು ಸೊಪ್ಪು ಬಿಡಿಸುತ್ತಾ, "ಆ ಇಪ್ಪತ್ತಾರರಲ್ಲಿ ನೀವು ಓದಿರೋದು ಎಷ್ಟು?" ಎಂದು ಮಾತ್ರ ಕೇಳಿದಳು. ನಾನು ಪುಸ್ತಕಗಳ ವರ್ಗೀಕರಣದ ಸಂಖ್ಯೆಗಳನ್ನು ಬಾಯಿಪಾಠವಾಗಿ ಹೇಳಬಲ್ಲೆ. ಅಳತೆ, ಪುಟ, ಪ್ರಕಾಶಕರು, ಯಾವ ಕಪಾಟಿನ ಎಷ್ಟನೆಯ ಸಾಲು ಎಂದು ಹೇಳಬಲ್ಲೆ. ಓದಿದ್ದು ಎಷ್ಟು ಎಂಬ ಪ್ರಶ್ನೆ ನನ್ನ ವೃತ್ತಿಯಲ್ಲಿ ನನ್ನನ್ನು ಯಾರೂ ಕೇಳಿರಲಿಲ್ಲ. ಮಾರನೆಯ ದಿನವೇ ಶುರುಮಾಡಿ, ಹೊರಗೆ ಹೋದವನ್ನೂ ಒಂದೊಂದಾಗಿ ಹಿಂದಕ್ಕೆ ತರಿಸಿ, ಇಪ್ಪತ್ತಾರು ಚೀಟಿಗಳ ಮೇಲೂ ಹೊಸ ಚೀಟಿ ಅಂಟಿಸಿದೆ. ನಿಜವಾಗಿ ತೆಗೆದುಕೊಂಡು ಹೋದವರ ತಾರೀಕನ್ನು ಮಾತ್ರ ಮತ್ತೆ ಒತ್ತಿದೆ. ನಂತರ ಜೇನಿನ ಪುಸ್ತಕವನ್ನು ನನ್ನ ಹೆಸರಿಗೆ ಬರೆದುಕೊಂಡೆ. ವಿದ್ಯಾರ್ಥಿಗಳು ಬಾಗಿಲಲ್ಲಿ ನಿಂತು, "ಸಾರ್ ಓದ್ತಾ ಇದಾರೆ ಕಣೋ, ಆಮೇಲೆ ಬರಣ" ಎಂದು ಹಿಂದಕ್ಕೆ ಹೋದರು, ನಾನೇನೋ ಸ್ನಾನಕ್ಕೆ ಇಳಿದ ಹಾಗೆ.

ಸರದಿ ಮತ್ತೆ ಅಜ್ಜಂಪುರಕ್ಕೆ ಬಂತು. ಆ ಸಲ ಹಾಲಮ್ಮ ಮಾತಾಡುವುದು ಎಂದು ಬಷೀರ್ ಸಾಹೇಬರೇ ತೀರ್ಮಾನಿಸಿದ್ದರು. ನಾನು ತಪ್ಪೊಪ್ಪಿಗೆಯನ್ನು ಬರೆದು ಜೇಬಿನಲ್ಲಿಟ್ಟುಕೊಂಡು ಹೋಗಿದ್ದೆ. ಹಾಲಮ್ಮ ನನ್ನ ಹೆಸರು ಎತ್ತಿದ ತಕ್ಷಣ ಎದ್ದು ಓದಿಬಿಡುವುದು ಎಂದು. ಬೈಯಲಿ, ಕ್ಷಮಿಸಲಿ, ಎರಡಕ್ಕೂ ಹೊಂದುವ ಹಾಗೆ ಬರೆದಿದ್ದೆ. ಅವರು ಹತ್ತು ನಿಮಿಷದ ಬದಲು ಮುಕ್ಕಾಲು ಗಂಟೆ ಮಾತಾಡಿದರು. ನಾಗಣ್ಣ ಹಿಟ್ಟಿನ ಕೈಯಲ್ಲೇ ಪುಟ ತಿರುವುವುದು, ಅತ್ತೆ ಕತೆಯ ಮಧ್ಯೆ ಎದ್ದು ಖಳನಾಯಕನಿಗೆ ಶಾಪ ಹಾಕುವುದು, ಹೊಸ ಕಾರ್ಡಿನ ಮೇಲೆ ಹೆಬ್ಬೆಟ್ಟು ಒತ್ತುವಾಗ, "ಹಂಗಾರೆ ನಾನೂ ಓದಿದೋಳೇ ಆದ್ನಲ್ಲ" ಎಂದದ್ದು, ಎಲ್ಲವನ್ನೂ ಹೇಳಿದರು. ತಿಪ್ಪೇಶ ನಕ್ಕು ನಕ್ಕು ಕಣ್ಣೊರೆಸಿಕೊಂಡ. ಬಸ್ಸಿನ ಮಾತು ಬರಲಿಲ್ಲ. ಕಡೂರಿನ ಮಾತು ಬರಲಿಲ್ಲ. ತರೀಕೆರೆಯ ಮಾತೂ ಬರಲಿಲ್ಲ. ಮುಕ್ಕಾಲು ಗಂಟೆಯಲ್ಲಿ ನನ್ನ ಹೆಸರು ಒಮ್ಮೆಯೂ ಬರಲಿಲ್ಲ.

ನನಗೆ ನೆಮ್ಮದಿಯಾಗಬೇಕಿತ್ತು. ನಿಜ ಹೇಳುತ್ತೇನೆ, ಸಿಟ್ಟು ಬಂತು. ಒಂದು ಮಾತಾದರೂ ಹೇಳಬಹುದಿತ್ತಲ್ಲ, ಬೈದಾದರೂ ಹೇಳಬಹುದಿತ್ತಲ್ಲ, ಎಷ್ಟಾದರೂ ಈ ವಿಷಯವನ್ನು ನಾಲ್ಕು ಜನರ ಮುಂದೆ ಮೊದಲು ಇಟ್ಟವನು ನಾನಲ್ಲವೇ ಎಂದು ಒಳಗೆ ಒಬ್ಬ ಗೊಣಗಿದ. ಅವನನ್ನು ನಾನು ಗುರುತು ಹಿಡಿಯುವಷ್ಟರಲ್ಲಿ ಚಪ್ಪಾಳೆ ಮುಗಿದಿತ್ತು. ಬಷೀರ್ ಸಾಹೇಬರು, "ವಂದನೆ ನೀವು ಹೇಳಿ ಸಾರ್" ಎಂದು ನನ್ನನ್ನೇ ಎಬ್ಬಿಸಿದರು. ಎದ್ದೆ. ಜೇಬಿಗೆ ಕೈ ಹಾಕಬೇಕಾದವನು ಹಾಕಲಿಲ್ಲ. "ಈ ಉಪಾಯವನ್ನು ಮೊಟ್ಟಮೊದಲು ಕಡೂರಿನಲ್ಲಿ" ಎಂದು ನನ್ನ ಬಾಯಿ ತಾನಾಗಿ ಶುರುಮಾಡಿತು. ಹಾಲಮ್ಮ ತಲೆಯೆತ್ತಿ ನೋಡಿದರು. ಸುಮ್ಮನೆ, ನಾನು ಏನು ಹೇಳುತ್ತೇನೆ ಎಂದು ತಿಳಿದುಕೊಳ್ಳುವುದಕ್ಕೆ.

"ಎಲ್ಲರೂ ಡಬ್ಬಿ ಬಿಚ್ಚೋಣ, ತಡವಾಯಿತು" ಎಂದು ಹೇಳಿ ಕೂತೆ.